ಕೊನೆಗೆ ಉಂಡವರ ಚರಿತ್ರೆ

ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳಿವೆ, ಪಟ್ಟಾಭಿಷೇಕಗಳಿವೆ, ಕೆರೆಕಟ್ಟೆ ಕಟ್ಟಿಸಿದ ದಾನಿಗಳ ಹೆಸರಿದೆ, ಕಂದಾಯದ ಲೆಕ್ಕವೂ ಇದೆ. ಆ ಯುದ್ಧಕ್ಕೆ ಹೋದವನ ಬುತ್ತಿಯಲ್ಲಿ ಏನಿತ್ತು, ಆ ಕೆರೆಯ ಮಣ್ಣು ಹೊತ್ತವಳು ಸಂಜೆ ಮನೆಗೆ ಬಂದು ಒಲೆಯ ಮೇಲೆ ಏನಿಟ್ಟಳು ಎಂಬುದು ಮಾತ್ರ ಇಲ್ಲ. ಮಕ್ಕಳಿಗೆ ಈ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ. "ಮಿಸ್, ಹೊಯ್ಸಳರ ಕಾಲದಲ್ಲಿ ಇಡ್ಲಿ ಇತ್ತಾ?" ಎಂದು ಕೇಳುತ್ತಾರೆ. ಪಠ್ಯಪುಸ್ತಕ ತಿರುವಿದರೆ ಉತ್ತರ ಸಿಗುವುದಿಲ್ಲ. ಅಡುಗೆಯೆಂಬುದು ದಿನಾ ಆಗುವ ಕೆಲಸ; ದಿನಾ ಆಗುವುದನ್ನು ಯಾರೂ ಬರೆದಿಡುವುದಿಲ್ಲ.

ಹೀಗಿರುವಾಗ ನಮ್ಮಂಥ ಸಣ್ಣ ಊರಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿ ಅಡುಗೆಯ ಚರಿತ್ರೆಯನ್ನು ಓದೋಣವೆಂದು ಹೊರಟದ್ದು ನನಗೆ ಸಂತೋಷದ ಸಂಗತಿಯೇ ಆಗಿತ್ತು. ತಿಂಗಳಿಗೊಂದು ಶನಿವಾರ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆಯ ಹಜಾರದಲ್ಲಿ ಸೇರುತ್ತೇವೆ. ಒಬ್ಬರು ಏನಾದರೂ ಓದಿ ಹೇಳಬೇಕು, ಇನ್ನೊಬ್ಬರು ಅದಕ್ಕೆ ಸಂಬಂಧಿಸಿದ ಒಂದು ಪದಾರ್ಥ ಮಾಡಿ ತರಬೇಕು. ಕೂಟಕ್ಕೆ ಹೆಸರಿಲ್ಲ. ಗಂಡಸರು ‘ತಿಂಡಿ ಕ್ಲಬ್ಬು’ ಎಂದು ಹಾಸ್ಯ ಮಾಡುತ್ತಾರೆ, ಮಾಡಲಿ. ಅಮೆರಿಕದ ಬಾಸ್ಟನ್ ನಗರದಲ್ಲಿ 1980ರಷ್ಟು ಹಿಂದೆಯೇ ಇಂಥ ಕೂಟವೊಂದು ಹುಟ್ಟಿಕೊಂಡಿತು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಅದೇ ದಶಕದಲ್ಲಿ ವಿದ್ವಾಂಸರೂ ಮನೆಯಡುಗೆಯವರೂ ಒಂದೇ ಸಾಲಿನಲ್ಲಿ ಕುಳಿತು ಚರ್ಚಿಸುವ ಪದ್ಧತಿ ಶುರುವಾಯಿತು. ಅಲ್ಲಿ ಅದು ವಿದ್ಯೆಯಾಗಬಹುದಾದರೆ ಇಲ್ಲಿ ಯಾಕಾಗಬಾರದು?

ಹಾಗೆ ನೋಡಿದರೆ ಈ ವಿಷಯದಲ್ಲಿ ಕನ್ನಡದವರು ಬಡವರಲ್ಲ. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ಮದ್ದು ಕೊಡುವುದು ಇವುಗಳ ಜೊತೆಗೆ ಅಡುಗೆಯೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸಿ ಮಾಡುವ ಇಡ್ಲಿಯ ಪೂರ್ವಜ ಅಲ್ಲಿ ಸಿಗುತ್ತದೆ. ಅದಕ್ಕೂ ಮುಂಚಿನ ‘ವಡ್ಡಾರಾಧನೆ’ಯಲ್ಲೇ ‘ಇಡ್ಡಲಿಗೆ’ ಎಂಬ ಮಾತು ಬಂದಿದೆ. ಆದರೆ ಅಕ್ಕಿ ಸೇರಿಸುವುದು, ಹಿಟ್ಟನ್ನು ರಾತ್ರಿಯಿಡೀ ಹುಳಿಯಲು ಬಿಡುವುದು, ಹಬೆಯಲ್ಲಿ ಬೇಯಿಸುವುದು ಈ ಮೂರೂ ಹಳೆಯ ಉಲ್ಲೇಖಗಳಲ್ಲಿ ಕಾಣುವುದಿಲ್ಲವೆಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯನವರು ತೋರಿಸಿಕೊಟ್ಟರು. ಭಾರತದ ಆಹಾರದ ಚರಿತ್ರೆಯನ್ನು ಕುರಿತ ಅವರ ದೊಡ್ಡ ಪುಸ್ತಕ 1994ರಲ್ಲಿ ಇಂಗ್ಲಿಷಿನಲ್ಲಿ ಬಂತು. ಮಕ್ಕಳ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇಷ್ಟು: ಹೆಸರು ಹಳೆಯದು, ನಾವು ಇವತ್ತು ತಿನ್ನುವ ಇಡ್ಲಿ ಅಷ್ಟು ಹಳೆಯದಲ್ಲ.

ನಮ್ಮ ಕೂಟದಲ್ಲಿ ಹೆಚ್ಚು ದಿನ ಓದಿದ್ದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು. ಈತ ಕಲ್ಲಹಳ್ಳಿಯ ಜೈನ ಪ್ರಭು. 1508ರ ಸುಮಾರಿನವನು. ಆರು ಅಧ್ಯಾಯ, 350ಕ್ಕೂ ಹೆಚ್ಚು ವಾರ್ಧಕ ಷಟ್ಪದಿಗಳು. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಆಮೇಲೆ ಬದನೆ, ಬಾಳೆ, ಹಲಸು, ಕಳಲೆ ಮುಂತಾದವುಗಳ ಪಲ್ಯ ಮೇಲೋಗರಗಳು. ಪದ್ಯದಲ್ಲಿ ಅಡುಗೆ ಹೇಳುವುದು ಸುಲಭದ ಕೆಲಸವಲ್ಲ. ಛಂದಸ್ಸೂ ಕೆಡಬಾರದು, ಒಗ್ಗರಣೆಯೂ ಸೀಯಬಾರದು! ಈ ಕಷ್ಟವನ್ನು ಮಂಗರಸ ಲೀಲಾಜಾಲವಾಗಿ ದಾಟುತ್ತಾನೆ. ಒಂದು ಬದನೆಕಾಯಿಯನ್ನು ಎಷ್ಟು ವಿಧವಾಗಿ ಹೆಚ್ಚಬಹುದು, ಹುರಿಯಬಹುದು, ತುಂಬಬಹುದು ಎಂಬುದನ್ನು ಆತ ಬಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಬರೆದವನ ಮಾತಲ್ಲ ಅದು, ಒಲೆಯ ಪಕ್ಕ ಕುಳಿತವನದು.

ಈ ಪುಸ್ತಕವನ್ನು ಓದುವಾಗ ನಮ್ಮೆಲ್ಲರಿಗೂ ಒಂದು ದೊಡ್ಡ ಆಶ್ಚರ್ಯ ಕಾದಿತ್ತು. ಎಲ್ಲಿ ಹುಡುಕಿದರೂ ಮೆಣಸಿನಕಾಯಿ ಇಲ್ಲ! ಇರಲು ಸಾಧ್ಯವೂ ಇಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೆರಿಕ ಖಂಡದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಪರಂಗಿಹಣ್ಣು ಇವೆಲ್ಲ ಹಡಗಿನಲ್ಲಿ ಬಂದು ನಮ್ಮ ಹಿತ್ತಿಲು ಸೇರಿದ್ದು ಆಮೇಲೆ. ಬ್ಯಾಡಗಿಯ ಕೆಂಪು ರಾಶಿಯನ್ನು ನೋಡಿದವರಿಗೆ ಇದನ್ನು ನಂಬುವುದೇ ಕಷ್ಟ. ಮಂಗರಸನ ಕಾಲದ ಖಾರವೆಂದರೆ ಕಾಳುಮೆಣಸು, ಶುಂಠಿ, ಸಾಸಿವೆ.

ಇದಕ್ಕೆ ಸಾಕ್ಷಿ ಬೇಕೆಂದು ತಾಮ್ರಶಾಸನ ಹುಡುಕಬೇಕಾಗಿಲ್ಲ. ನಮ್ಮ ಮಾತಿನಲ್ಲೇ ಇದೆ. ಹೊಸ ಪದಾರ್ಥ ಬಂದಾಗ ನಮ್ಮ ಅಜ್ಜಿಯರು ಹಳೆಯದರ ಹೆಸರನ್ನೇ ತುಸು ತಿದ್ದಿ ಇಟ್ಟರು. ಮೆಣಸಿನ ಹಾಗೆ ಖಾರವಾದ ಕಾಯಿ ಮೆಣಸಿನಕಾಯಿ. ಕಡಲೆಯ ಹಾಗೆ ಹುರಿದು ತಿನ್ನುವ ಕಾಯಿ ಕಡಲೆಕಾಯಿ. ಮುಸುಕು ಹೊದ್ದ ಜೋಳ ಮುಸುಕಿನಜೋಳ. ಪರಂಗಿಯವರು ತಂದದ್ದು ಪರಂಗಿಹಣ್ಣು. ಕಡಲಾಚೆಯಿಂದ ಬಂದದ್ದಕ್ಕೆ ‘ಸೀಮೆ’ ಎಂಬ ಮುದ್ರೆ, ಹಾಗಾಗಿ ಸೀಮೆಬದನೆ. ಇನ್ನೊಂದು ಸಾಕ್ಷಿ ಶ್ರಾದ್ಧದ ಅಡುಗೆ. ಕೆಲವು ಮನೆಗಳಲ್ಲಿ ಆ ದಿನ ಮೆಣಸಿನಕಾಯಿ ಹಾಕುವಂತಿಲ್ಲ, ಕಾಳುಮೆಣಸೇ ಆಗಬೇಕು. ಆಲೂಗಡ್ಡೆ, ಕೋಸು, ಟೊಮೆಟೊ ಕೂಡದು, ಬಾಳೆಕಾಯಿ, ಹಾಗಲಕಾಯಿ, ಕೆಸುವಿನ ಗೆಡ್ಡೆ ಇರಬೇಕು. ಅದನ್ನು ಮಡಿ ಎನ್ನಿ, ಶಾಸ್ತ್ರ ಎನ್ನಿ. ನಾನಂತೂ ಅದನ್ನು ವರ್ಷಕ್ಕೊಂದು ದಿನ ಬಾಗಿಲು ತೆರೆಯುವ ಪುರಾತನ ಅಡುಗೆಮನೆ ಎಂದೇ ತಿಳಿಯುತ್ತೇನೆ. ಅಜ್ಜಂದಿರಿಗೆ ಗೊತ್ತಿದ್ದ ತರಕಾರಿಯನ್ನಷ್ಟೇ ಅಜ್ಜಂದಿರಿಗೆ ಬಡಿಸುವುದು.

ಇಷ್ಟೆಲ್ಲ ಹೇಳಿದ ಮೇಲೆ ಮಂಗರಸನ ಪುಸ್ತಕವನ್ನು ವಿಮರ್ಶೆಯ ಕಣ್ಣಿನಿಂದಲೂ ನೋಡಬೇಕು. ಇದರಲ್ಲಿ ಹಾಲಿಗೆ ಬರವಿಲ್ಲ, ತುಪ್ಪಕ್ಕೆ ಅಳತೆಯಿಲ್ಲ, ಸಕ್ಕರೆ ಏಲಕ್ಕಿ ಪಚ್ಚಕರ್ಪೂರಗಳಿಗೆ ಕೊರತೆಯಿಲ್ಲ. ಮಳೆ ತಪ್ಪಿದ ವರ್ಷ ಏನು ಮಾಡಬೇಕು, ಹತ್ತು ಜನಕ್ಕೆ ಮಾಡಿದ್ದು ಹದಿನೈದು ಜನಕ್ಕೆ ಸಾಲುವ ಹಾಗೆ ಸಾರನ್ನು ಹೇಗೆ ಹಿಗ್ಗಿಸಬೇಕು ಎಂಬ ವಿದ್ಯೆ ಇಲ್ಲಿ ಸಿಗುವುದಿಲ್ಲ. ಹೆಂಗಸರಿಗೆ ಆ ವಿದ್ಯೆಯೇ ಮುಖ್ಯವಾಗಿತ್ತಲ್ಲವೇ? ಇದು ಮಂಗರಸನ ತಪ್ಪಲ್ಲ. ಆತ ತನ್ನ ಮನೆಯ ಊಟವನ್ನು ಬರೆದ, ಚೆನ್ನಾಗಿ ಬರೆದ. ತಪ್ಪು ನಮ್ಮದು ಯಾವಾಗ ಆಗುತ್ತದೆಂದರೆ, ‘ಐನೂರು ವರ್ಷದ ಹಿಂದೆ ಕನ್ನಡಿಗರು ಹೀಗೆ ಉಣ್ಣುತ್ತಿದ್ದರು’ ಎಂದು ಅದನ್ನು ಎತ್ತಿ ತೋರಿಸಿದಾಗ. ಒಬ್ಬ ಪ್ರಭುವಿನ ಪಂಕ್ತಿ ನಾಡಿನ ಪಂಕ್ತಿಯಾಗುವುದಿಲ್ಲ. ಹಾಗೆಯೇ ನಮ್ಮಲ್ಲಿ ಅಡುಗೆಮನೆ ಹೆಂಗಸಿನದು, ಪಾಕ ಮಾತ್ರ ನಳನದು, ಭೀಮನದು. ಬೆಂಕಿಯ ಮುಂದೆ ಬೆವರಿದವರು ಯಾರು, ಹೆಸರು ಪಡೆದವರು ಯಾರು ಎಂದು ಕೇಳುವ ಹಕ್ಕು ನಮಗಿದೆ.

ಸೂಪಶಾಸ್ತ್ರದ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನು ಇಟ್ಟುಕೊಂಡು ಓದಬೇಕೆಂದು ನಾನು ಕೂಟದಲ್ಲಿ ಹಟ ಹಿಡಿದೆ. ಅದು ಕನಕದಾಸರ ‘ರಾಮಧಾನ್ಯಚರಿತೆ’. ಹೆಚ್ಚುಕಡಿಮೆ ಅದೇ ಶತಮಾನದ ಕೃತಿ. ಅಲ್ಲಿ ಅಡುಗೆಯ ವಿಧಾನ ಒಂದೂ ಇಲ್ಲ. ಆದರೆ ಯಾರು ಏನು ತಿನ್ನುತ್ತಾರೆ, ಅದಕ್ಕಾಗಿ ಯಾರು ಯಾರನ್ನು ಕೀಳಾಗಿ ಕಾಣುತ್ತಾರೆ ಎಂಬುದೇ ಅದರ ವಸ್ತು. ಭತ್ತಕ್ಕೂ ರಾಗಿಗೂ ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬರುವಾಗ ಭತ್ತ ಬಾಡಿ ಸೊರಗಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ರಾಮ ಅದಕ್ಕೆ ತನ್ನ ರಾಘವನೆಂಬ ಹೆಸರನ್ನು ಕೊಡುತ್ತಾನೆ. ಕಥೆಯೆಂದು ನಕ್ಕುಬಿಡಬಹುದು. ಆದರೆ ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆಂಬುದು ರೈತರೆಲ್ಲರಿಗೂ ಗೊತ್ತಿರುವ ಸತ್ಯ. ಕನಕದಾಸರು ಆ ಸತ್ಯದ ಮೇಲೆ ಕಥೆಯನ್ನು ನಿಲ್ಲಿಸಿದರು. ಅನ್ನ ಉಣ್ಣುವುದು ದೊಡ್ಡಸ್ತಿಕೆ, ಮುದ್ದೆ ಉಣ್ಣುವುದು ಹಳ್ಳಿತನ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಅದೇ ರಾಗಿ ಬಣ್ಣದ ಪೊಟ್ಟಣದಲ್ಲಿ ಕುಳಿತು ಪೇಟೆಯವರ ಬಿಸ್ಕತ್ತಾಯಿತು! ರಾಗಿ ಬದಲಾಗಲಿಲ್ಲ, ತಿನ್ನುವವರು ಬದಲಾದರು, ಮರ್ಯಾದೆ ಬಂತು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನೂ ನಾವು ಅಡುಗೆಯ ಚರಿತ್ರೆಯೊಳಗೆ ಸೇರಿಸಿಕೊಳ್ಳಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮನೆ ಅದು. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದರೆ, ಬೇಕಾದ್ದಕ್ಕಿಂತ ಹೆಚ್ಚಿನದು ನಮಗೇಕೆ, ಇದ್ದಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಒಂದು ಹೊತ್ತಿಗೆ ಎಷ್ಟು ಬೇಕೆಂಬ ಅಳತೆ ಆಕೆಗೆ ಗೊತ್ತಿತ್ತು. ಯಾವ ಪಾಕಶಾಸ್ತ್ರದಲ್ಲೂ ಇಲ್ಲದ ಅಳತೆ ಅದು.

ಹೊಸ ಕಾಲದ ಕಥೆಗಳಲ್ಲೂ ಇದೇ ತಾರತಮ್ಯ ನಡೆದಿದೆ. ಮೈಸೂರು ಪಾಕನ್ನು ಮೊದಲು ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಎಂದು ಅವರ ವಂಶದವರು ಹೇಳುತ್ತಾರೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು, ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿಯನ್ನು ತಾವು ಕಂಡುಹಿಡಿದೆವು ಎನ್ನುತ್ತಾರೆ. 1942ರಲ್ಲಿ ಬರ್ಮಾ ಜಪಾನಿಗಳ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದು ನಿಜ, ಆದ್ದರಿಂದ ಮಾತು ನಂಬುವಂತೆಯೇ ಇದೆ. ನಾನು ಈ ಕಥೆಗಳನ್ನು ಅಲ್ಲಗಳೆಯುವುದಿಲ್ಲ. ಆದರೆ ಇವು ಉಳಿದದ್ದು ಹೇಳುವುದಕ್ಕೆ ಅರಮನೆಯೋ ಅಂಗಡಿಯೋ ಇದ್ದುದರಿಂದ ಎಂಬುದನ್ನು ಮರೆಯಬಾರದು. ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಹೊನಗೊನ್ನೆ ಸೊಪ್ಪು, ಕಿರುಕಸಾಲೆ ಎಂದು ಹತ್ತು ಬಗೆಯ ಸೊಪ್ಪು ಕಿತ್ತು, ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ನಾಲಿಗೆಯಲ್ಲೇ ಲೆಕ್ಕ ಹಾಕಿ ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡಿದವಳ ಹೆಸರನ್ನು ಯಾವ ಅಂಗಡಿಯ ಫಲಕ ಬರೆದುಕೊಳ್ಳಬೇಕು?

ಹಸಿವೂ ಅಡುಗೆಯ ಚರಿತ್ರೆಯ ಒಂದು ಅಧ್ಯಾಯವೇ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಬರವನ್ನು ನಮ್ಮ ಕಡೆ ಇಂದಿಗೂ ಧಾತು ಈಶ್ವರ ಬರವೆನ್ನುತ್ತಾರೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಗೆಡ್ಡೆ ಅಗೆದು, ಸೊಪ್ಪು ತರಿದು ಬದುಕಿದವರ ಮೊಮ್ಮಕ್ಕಳು ನಾವು. ಇನ್ನು ನನ್ನ ವಯಸ್ಸಿನವರಿಗೆ ಶಾಲೆಯ ಕೇರ್ ಉಪ್ಪಿಟ್ಟು ನೆನಪಿರಬೇಕು. ಅಮೆರಿಕದಿಂದ ಮೂಟೆಯಲ್ಲಿ ಬಂದ ನುಚ್ಚನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ ಎಲೆಗೆ ಹಾಕುತ್ತಿದ್ದರು. ಅದರ ವಾಸನೆಗೆ ಮೂಗು ಮುರಿಯುತ್ತಿದ್ದವರೂ ಇದ್ದರು, ಆ ಒಂದು ಹಿಡಿಗಾಗಿಯೇ ಶಾಲೆಗೆ ಬರುತ್ತಿದ್ದವರೂ ಇದ್ದರು. ಸರ್ಕಾರ 2002ರಲ್ಲಿ ಅಕ್ಷರ ದಾಸೋಹ ಆರಂಭಿಸಿದ ಮೇಲೆ ಬಿಸಿಯೂಟದ ತಟ್ಟೆಯ ಮುಂದೆ ಇದೇ ಎರಡು ಬಗೆಯ ಮುಖಗಳನ್ನು ನಾನು ಟೀಚರಾಗಿ ನೋಡಿದ್ದೇನೆ. ಒಂದೇ ಉಪ್ಪಿಟ್ಟಿಗೆ ಎರಡು ಚರಿತ್ರೆ.

ಈಗ ನಮ್ಮ ಕೂಟದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಈ ಬರಹಕ್ಕೆ ಕಾರಣವೂ ಅದೇ. ವರ್ಷ ತುಂಬಿದಾಗ ಒಂದು ಸಣ್ಣ ಪುಸ್ತಕ ತರೋಣ, ಪ್ರತಿಯೊಬ್ಬರೂ ತಂತಮ್ಮ ಮನೆಯ ಹಳೆಯ ಅಡುಗೆಯೊಂದನ್ನು ಬರೆದುಕೊಡಿ ಎಂದು ತೀರ್ಮಾನವಾಯಿತು. ಬಂದವುಗಳಲ್ಲಿ ಹೆಚ್ಚಿನವು ಹೋಳಿಗೆ, ಕಡುಬು, ಹಯಗ್ರೀವ, ಗೊಜ್ಜು. ಎಲ್ಲ ಚೆನ್ನಾಗಿಯೇ ಇದ್ದವು. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದ ಸದಸ್ಯೆಯೊಬ್ಬರಿದ್ದಾರೆ, ನಾವೆಲ್ಲ ಅಕ್ಕ ಎನ್ನುತ್ತೇವೆ. ಬರೆಯುವುದು ರೂಢಿಯಿಲ್ಲವೆಂದು ಮಗಳ ಕೈಯಲ್ಲಿ ಬರೆಸಿ ಒಂದೂವರೆ ಪುಟ ತಂದರು. ಅವರ ತಾಯಿ ಮಾಡುತ್ತಿದ್ದ ಏಡಿ ಸಾರಿನ ವಿಷಯ ಅದು.

ಅದರಲ್ಲಿ ಏನಿತ್ತೆಂದರೆ: ಮುಂಗಾರು ಬಿದ್ದು ಗದ್ದೆಗೆ ನೀರು ನಿಂತ ಮೇಲೆ ಬದುವಿನ ಬಿಲಗಳಲ್ಲಿ ಏಡಿ ಸಿಗುತ್ತಿತ್ತು. ಗೌಡರ ಗದ್ದೆಯಲ್ಲಿ ನಾಟಿ ಹಾಕಿ ಬರುವಾಗ ತಾಯಿ ಸೆರಗಿನಲ್ಲಿ ನಾಲ್ಕು ಕಟ್ಟಿಕೊಂಡು ಬರುತ್ತಿದ್ದಳು. ಕೂಲಿ ಹಣದಲ್ಲಿ ಅಲ್ಲ, ಸೇರಿನಲ್ಲಿ. ರಾಗಿ ಅಳೆದು ಕೊಡುತ್ತಿದ್ದರು. ಏಡಿಯನ್ನು ತೊಳೆದು ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ ಹಿಂಡಿ ರಸ ತೆಗೆಯುವುದು. ಹುಣಿಸೆಹಣ್ಣು, ಬೆಳ್ಳುಳ್ಳಿ, ಮೆಣಸು, ಒಂದಿಷ್ಟು ಹುರಿದ ಹುರುಳಿಯ ಪುಡಿ. ನಾಲ್ಕು ಏಡಿಯಲ್ಲಿ ಏಳು ಜನಕ್ಕೆ ಸಾರು. ನೆಗಡಿ ಕೆಮ್ಮಿದ್ದ ಮಗುವಿಗೆ ಮೊದಲ ಲೋಟ. ಎಲ್ಲರಿಗೂ ಬಡಿಸಿ ಆದ ಮೇಲೆ ತಾಯಿ ಮುದ್ದೆ ತಿರುವಿದ ಮಡಕೆಗೆ ಉಳಿದ ಸಾರನ್ನು ಬಗ್ಗಿಸಿ, ತಳಕ್ಕೆ ಹತ್ತಿದ ಸೀಕನ್ನು ಎಬ್ಬಿ ಅದರಲ್ಲೇ ನೆನೆಸಿಕೊಂಡು ತಿನ್ನುತ್ತಿದ್ದಳು. ಅವಳು ತಟ್ಟೆಯಲ್ಲಿ ಉಂಡದ್ದನ್ನು ತಾನು ನೋಡಿದ ನೆನಪಿಲ್ಲ ಎಂದು ಅಕ್ಕ ಕೊನೆಯ ಸಾಲಿನಲ್ಲಿ ಬರೆಸಿದ್ದರು.

ಪುಸ್ತಕದ ಜವಾಬ್ದಾರಿ ಹೊತ್ತವರು ಓದಿದರು. "ಚೆನ್ನಾಗಿದೆ ಅಕ್ಕ, ಆದರೆ ಎಲ್ಲರ ಮನೆಗೂ ಹೋಗುವ ಪುಸ್ತಕ, ಮಾಂಸದ್ದು ಬೇಡ ಅಂತ" ಎಂದರು. ಇನ್ನೊಬ್ಬರು, "ಅಳತೆ ಸರಿಯಾಗಿಲ್ಲ, ಇದು ಅಡುಗೆ ವಿಧಾನವಲ್ಲ, ಮನೆ ಕಥೆ" ಎಂದರು. ಅಕ್ಕ, "ಬ್ಯಾಡ ಬಿಡಿ, ನಾನು ಸುಮ್ನೆ ತಂದೆ" ಎಂದು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಒಳ್ಳೆಯ ಮಾತಿನಲ್ಲೇ ಬಾಗಿಲು ಮುಚ್ಚಿಹೋಯಿತು.

ನಾನು ಸುಮ್ಮನಿರಲಿಲ್ಲ. ಎರಡು ತಿಂಗಳ ಹಿಂದೆ ಇದೇ ಹಜಾರದಲ್ಲಿ ನಾವು ‘ಮಾನಸೋಲ್ಲಾಸ’ದ ವಿಷಯ ಓದಿದ್ದೆವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದದ್ದು. ಅದರ ಅನ್ನಭೋಗದ ಭಾಗದಲ್ಲಿ ದೋಸೆ, ಪೂರಿ, ಮಂಡಿಗೆಗಳ ಪೂರ್ವಜರಷ್ಟೇ ಅಲ್ಲ, ಹಂದಿ, ಮೀನು, ಆಮೆ, ಅಷ್ಟೇ ಏಕೆ, ಹೊಲದಲ್ಲಿ ಹಿಡಿದ ಕಪ್ಪು ಇಲಿಯನ್ನು ಬಿಸಿ ಎಣ್ಣೆಯಲ್ಲಿ ಕರಿಯುವ ವಿಧಾನವೂ ಇದೆ. ಅದನ್ನು ಕೇಳಿದ ದಿನ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರೂ, "ಎಷ್ಟು ವಿಶೇಷ!" ಎಂದು ಬೆರಗಾದೆವೇ ಹೊರತು ಪುಸ್ತಕವನ್ನು ಕೆಳಗಿಡಲಿಲ್ಲ. ಚಕ್ರವರ್ತಿ ಇಲಿಯನ್ನು ಕರಿಸಿದರೆ ಅದು ಚರಿತ್ರೆ, ಕೂಲಿಯವಳು ಏಡಿ ಕುಟ್ಟಿದರೆ ಮನೆಕಥೆ. ಇದು ಯಾವ ನ್ಯಾಯ ಎಂದು ಕೇಳಿದೆ. ಅಳತೆಯ ಮಾತಿಗೂ ಉತ್ತರವಿದೆ. ನಾಲ್ಕು ಏಡಿಗೆ ಏಳು ಜನ ಎಂಬುದಕ್ಕಿಂತ ಖಚಿತವಾದ ಅಳತೆ ಬೇರೆ ಯಾವುದು? ಮಂಗರಸನಲ್ಲಿ ಎಷ್ಟು ಜನಕ್ಕೆ ಎಂಬುದೇ ಇಲ್ಲವಲ್ಲ.

ನಾನು ಮಾಂಸ ತಿನ್ನುವವಳಲ್ಲ. ನಮ್ಮ ಮನೆಯಲ್ಲಿ ಏಡಿ ಬೇಯಬೇಕೆಂದೂ ಹೇಳುತ್ತಿಲ್ಲ. ತಿನ್ನುವುದು ಅವರವರ ಇಷ್ಟ, ಅವರವರ ನೇಮ. ಆದರೆ ಚರಿತ್ರೆ ಓದುವುದೆಂದರೆ ಪಂಕ್ತಿಯಲ್ಲಿ ಕೂರುವುದಲ್ಲ. ಎಲ್ಲ ಮನೆಯ ಒಲೆಯನ್ನೂ ನೋಡುವುದು. ನಮ್ಮ ನಾಡಿನಲ್ಲಿ ಮೀನು ಮಾಂಸ ತಿನ್ನುವ ಮನೆಗಳೇ ಹೆಚ್ಚು. ಕೊಡಗಿನ ಪಂದಿ ಕರಿ, ಕರಾವಳಿಯ ಒಣಮೀನು, ಬಯಲುಸೀಮೆಯ ಬಾಡೂಟ ಇವನ್ನೆಲ್ಲ ಹೊರಗಿಟ್ಟು ‘ಕರ್ನಾಟಕದ ಅಡುಗೆಯ ಪರಂಪರೆ’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸುವುದು ಸುಳ್ಳು ಹೇಳಿದಂತೆ. ಪುಸ್ತಕಕ್ಕೆ ‘ನಮ್ಮ ಹನ್ನೊಂದು ಮನೆಗಳ ಸಸ್ಯಾಹಾರಿ ಅಡುಗೆ’ ಎಂದು ಹೆಸರಿಡಿ, ನನ್ನ ತಕರಾರಿಲ್ಲ ಎಂದೆ. ಅದಕ್ಕೆ ಒಪ್ಪಲಿಲ್ಲ. ಪುಸ್ತಕ ಮೊದಲು ಯೋಚಿಸಿದ ಹೆಸರಿನಲ್ಲೇ ಬಂತು, ಅಕ್ಕನ ಪುಟ ಅದರಲ್ಲಿಲ್ಲ. ಆಕೆಯ ಒಪ್ಪಿಗೆ ಪಡೆದು ಅದರ ಸಾರಾಂಶವನ್ನು ಇಲ್ಲಿ ಸೇರಿಸಿದ್ದೇನೆ.

ಹಾಗೆಂದು ಕೂಟವನ್ನು ಬಿಟ್ಟಿಲ್ಲ, ಬಿಡಬೇಕೆಂದು ಅನ್ನಿಸಿಯೂ ಇಲ್ಲ. ಹೆಂಗಸರು ಸೇರಿ ಹಳಗನ್ನಡದ ಪದ್ಯವನ್ನು ಒಡೆದು ಅರ್ಥ ಹೇಳಿಕೊಳ್ಳುವ ಜಾಗ ನಮ್ಮ ಊರಿನಲ್ಲಿ ಇನ್ನೊಂದಿಲ್ಲ. ಹೋಳಿಗೆ ಬರೆದುಕೊಟ್ಟವರ ಮೇಲೂ ನನಗೆ ಸಿಟ್ಟಿಲ್ಲ. ಹೋಳಿಗೆಯ ಹಿಂದೆಯೂ ಒಬ್ಬಳು ಕೊನೆಗೆ ಉಂಡವಳು ಇದ್ದೇ ಇರುತ್ತಾಳೆ. ಅವಳನ್ನೂ ಬರೆಯಿರಿ ಎಂದಷ್ಟೇ ನನ್ನ ಕೋರಿಕೆ.

ಓದುವ ನೀವೂ ನಿಮ್ಮ ಊರಿನಲ್ಲಿ ಇಂಥದೊಂದು ಕೂಟ ಮಾಡುವುದಾದರೆ, ಅಥವಾ ಒಬ್ಬರೇ ಒಂದು ನೋಟುಪುಸ್ತಕ ಇಟ್ಟುಕೊಳ್ಳುವುದಾದರೆ, ಪದಾರ್ಥಗಳ ಪಟ್ಟಿಯ ಕೆಳಗೆ ಇನ್ನೂ ನಾಲ್ಕು ಸಾಲಿಗೆ ಜಾಗ ಬಿಡಿ. ಇದನ್ನು ಎಷ್ಟು ಜನಕ್ಕೆ ಮಾಡುತ್ತಿದ್ದರು? ಸಾಮಾನು ಎಲ್ಲಿಂದ ಬರುತ್ತಿತ್ತು, ಹೊಲದಿಂದಲೋ, ಸಂತೆಯಿಂದಲೋ, ಸಾಲದಿಂದಲೋ? ರುಬ್ಬಿದವರು ಯಾರು, ನೀರು ಹೊತ್ತವರು ಯಾರು? ಕೊನೆಗೆ ಉಂಡವರು ಯಾರು, ಅವರಿಗೆ ಏನು ಉಳಿದಿತ್ತು? ಪಾವು, ಚಟಾಕು, ಸೇರು ಎಂದು ಅಜ್ಜಿ ಹೇಳಿದರೆ ಹಾಗೆಯೇ ಬರೆದುಕೊಳ್ಳಿ, ಗ್ರಾಮಿಗೆ ತಿದ್ದಬೇಡಿ. ವರ್ಷ ನೆನಪಿಲ್ಲವೆಂದರೆ ಮನೆಗೆ ಗ್ಯಾಸು ಬರುವ ಮುಂಚೆಯೋ ಆಮೇಲೋ, ಮಿಕ್ಸಿ ಬರುವ ಮುಂಚೆಯೋ ಆಮೇಲೋ ಎಂದು ಕೇಳಿ. ಅದು ತಪ್ಪದೆ ನೆನಪಿರುತ್ತದೆ. ಮಾಂಸದ್ದಾದರೂ ಬರೆಯಿರಿ, ತಂಗಳಾದರೂ ಬರೆಯಿರಿ, ಒಲೆ ಹಚ್ಚದ ದಿನವನ್ನೂ ಬರೆಯಿರಿ.

ಮುಂದಿನ ತಿಂಗಳು ಓದುವ ಸರದಿ ನನ್ನದು. ಬರಗಾಲದ ಸೊಪ್ಪುಗಳ ವಿಷಯ ತೆಗೆದುಕೊಂಡಿದ್ದೇನೆ. ಅಡುಗೆ ತರುವ ಸರದಿ ಯಾರದೆಂದು ಕೇಳಿದಾಗ ಅಕ್ಕ ಕೈ ಎತ್ತಿ, "ಬೆರಕೆ ಸೊಪ್ಪು ನಾನು ತತ್ತೀನಿ, ಆದ್ರೆ ಕೀಳಕ್ಕೆ ನೀವೂ ಬರಬೇಕು" ಎಂದಿದ್ದಾರೆ. ನಾಲ್ಕು ಜನ ಹೋಗುವುದೆಂದು ಆಗಿದೆ.